ಕಾಲೇಜು ತೆರೆಯುವ ಮೊದಲು: ಕಾಫಿ ನಾಡಿನಲ್ಲಿ ವಿಷಯ ಹಂಚಿಕೆ

ಪದವಿಗೆ ಸೇರುವ ವಿದ್ಯಾರ್ಥಿಯ ಮಟ್ಟಿಗೆ ಎರಡು ತೀರ್ಮಾನಗಳು ಆಗಬೇಕು. ಯಾವ ಕೋರ್ಸು ಎಂಬುದು ಒಂದು. ಆ ಕೋರ್ಸಿನೊಳಗೆ ಯಾವ ಯಾವ ವಿಷಯ ಎಂಬುದು ಇನ್ನೊಂದು. ಮೊದಲನೆಯದನ್ನು ಮನೆಯವರೆಲ್ಲ ಕೂತು ಮಾತಾಡುತ್ತಾರೆ, ನೆಂಟರಿಷ್ಟರನ್ನು ಕೇಳುತ್ತಾರೆ. ಎರಡನೆಯದು ಹೆಚ್ಚಿನ ಕಡೆ ಕಾಲೇಜಿನ ಅಡ್ಮಿಷನ್ ಕೌಂಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ತರಗತಿ ಆರಂಭವಾಗಿ, ಹೊಸಬರಿಗೆ ಸ್ವಾಗತ ಸಮಾರಂಭ ನಡೆದು, ಪ್ರಾಂಶುಪಾಲರು ಕೋರ್ಸಿನ ಬಗ್ಗೆ ವಿವರಿಸುವ ಹೊತ್ತಿಗೆ ವಿಷಯಗಳು ಆಗಲೇ ಹಂಚಿಕೆಯಾಗಿರುತ್ತವೆ. ಈ ಭಾಷಣ ಆ ಎರಡನೆಯ ತೀರ್ಮಾನದ ಕುರಿತದ್ದು.

ಮೊದಲು ಕಾಲದ ಲೆಕ್ಕ. ದ್ವಿತೀಯ ಪಿಯುಸಿ ಫಲಿತಾಂಶ ಈಗ ಏಪ್ರಿಲ್ ತಿಂಗಳಲ್ಲಿ ಬರುತ್ತದೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತವೆ; 2024, 2025ರಲ್ಲಿ ಮೂರು ನಡೆದವು. ಮೊದಲ ಪರೀಕ್ಷೆಯಲ್ಲಿ ಪಾಸಾದವರು ಬೇಸಿಗೆಯಲ್ಲೇ ಅರ್ಜಿ ಹಾಕುತ್ತಾರೆ. ಆಮೇಲಿನ ಪರೀಕ್ಷೆಯಲ್ಲಿ ಪಾಸಾದವರು ಬರುವುದು ಇನ್ನೂ ತಡವಾಗಿ. ಅಷ್ಟರಲ್ಲಿ ಬೇಡಿಕೆಯ ವಿಷಯಗಳ ಸೀಟು ತುಂಬಿರುತ್ತದೆ. ಉಳಿದದ್ದು ಅವರ ಪಾಲಿಗೆ.

ಇನ್ನು ಸ್ಥಳದ ಲೆಕ್ಕ. ಚಿಕ್ಕಮಗಳೂರಿನಲ್ಲಿ ಐ.ಡಿ.ಎಸ್.ಜಿ. ಸರ್ಕಾರಿ ಕಾಲೇಜು ಇದೆ. ಮೂಡಿಗೆರೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಇವು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ಆ ವಿಶ್ವವಿದ್ಯಾಲಯ 1987ರಲ್ಲಿ ಆರಂಭವಾಯಿತು. ಅದರ ಕೇಂದ್ರ ಸ್ಥಾನ ಭದ್ರಾವತಿ ಬಳಿಯ ಶಂಕರಘಟ್ಟ. ಕಳಸ, ಕೊಟ್ಟಿಗೆಹಾರ ಕಡೆಯ ಕೆಲವರು ಚಾರ್ಮಾಡಿ ಘಾಟಿ ಇಳಿದು ಉಜಿರೆಗೋ ಮೂಡುಬಿದಿರೆಗೋ ಹೋಗಿ ಹಾಸ್ಟೆಲ್ ಸೇರುತ್ತಾರೆ. ಘಟ್ಟ ಇಳಿದರೆ ವಿಶ್ವವಿದ್ಯಾಲಯವೂ ಬದಲಾಗುತ್ತದೆ. ಅದು ಮಂಗಳೂರು ವಿಶ್ವವಿದ್ಯಾಲಯದ ಸೀಮೆ. ಅಲ್ಲಿನ ದೊಡ್ಡ ಕಾಲೇಜುಗಳಲ್ಲಿ ಕೆಲವು ಸ್ವಾಯತ್ತ. ಅಂದರೆ ಪಠ್ಯ, ಪರೀಕ್ಷೆ, ವಿಷಯಗಳ ಗುಂಪು ಇವನ್ನೆಲ್ಲ ಬಹುಮಟ್ಟಿಗೆ ಕಾಲೇಜೇ ರೂಪಿಸಿಕೊಳ್ಳುತ್ತದೆ. ಒಂದೇ ಊರಿನಿಂದ ಹೊರಟ ಇಬ್ಬರು ಗೆಳತಿಯರಿಗೆ ಬಿ.ಎಸ್ಸಿ. ಎಂಬ ಹೆಸರು ಒಂದೇ ಆದರೂ ಒಳಗಿನ ವ್ಯವಸ್ಥೆ ಬೇರೆ ಬೇರೆ ಇರಬಹುದು.

ಕಾಲ ಮತ್ತು ಸ್ಥಳದ ಮಾತು ಇಷ್ಟು. ಇನ್ನು ವಿಷಯಗಳ ಗುಂಪು. ಇದನ್ನು ಎಲ್ಲರೂ ಕಾಂಬಿನೇಷನ್ ಎಂದೇ ಕರೆಯುತ್ತಾರೆ. ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದರೆ ಎಚ್‌ಇಪಿ. ರಾಜ್ಯಶಾಸ್ತ್ರದ ಬದಲು ಸಮಾಜಶಾಸ್ತ್ರ ಬಂದರೆ ಎಚ್‌ಇಎಸ್. ಐಚ್ಛಿಕ ಕನ್ನಡ ಬಂದರೆ ಎಚ್‌ಇಕೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದರೆ ಪಿಸಿಎಂ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಸೇರಿದರೆ ಸಿಬಿಜೆಡ್. ಬಿ.ಕಾಂ.ನಲ್ಲಿ ಇಂಥ ಗುಂಪುಗಳ ಗೊಂದಲ ಕಡಿಮೆ. ಕಾಮರ್ಸಿಗೆ ನೂಕುನುಗ್ಗಲು ಹೆಚ್ಚಿರಲು ಇದೂ ಒಂದು ಕಾರಣ ಇರಬಹುದು.

ಗುಂಪಿನ ನಿಯಮ ಇತ್ತೀಚೆಗೆ ಎರಡು ಬಾರಿ ಬದಲಾಯಿತು. 2021–22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗೆ ತಂದಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಎನಿಸಿತು. ಆಗ ಮೂರು ವಿಷಯಗಳ ಬದಲು ಎರಡು ಮುಖ್ಯ ವಿಷಯಗಳು ಬಂದವು. ಜೊತೆಗೆ ಮುಕ್ತ ಆಯ್ಕೆಯ ವಿಷಯ, ಕೌಶಲ್ಯದ ವಿಷಯ ಸೇರಿದವು. ನಾಲ್ಕನೆಯ ವರ್ಷ ಓದಿ ಆನರ್ಸ್ ಪಡೆಯುವ ಅವಕಾಶವೂ ಬಂತು. ಸಸ್ಯಶಾಸ್ತ್ರ ಓದುವವರು ಬೇಕಾದರೆ ಕಲಾ ವಿಭಾಗದ ಒಂದು ಪತ್ರಿಕೆ ಆರಿಸಿಕೊಳ್ಳಬಹುದು ಎಂಬುದು ಇದರ ಆಶಯ. ದೊಡ್ಡ ಊರಿನ ಕಾಲೇಜಿನಲ್ಲಿ ಇದು ಒಂದಿಷ್ಟು ನಡೆಯಿತು. ಉಪನ್ಯಾಸಕರೇ ಕಡಿಮೆ ಇರುವ ಸಣ್ಣ ಕಾಲೇಜಿನಲ್ಲಿ ಮುಕ್ತ ಆಯ್ಕೆ ಎಂದರೆ ಯಾರಿಗೆ ಪೀರಿಯಡ್ ಬಿಡುವಿದೆಯೋ ಅವರ ವಿಷಯ.

ಮುಂದೆ ಸರ್ಕಾರ ಬದಲಾಯಿತು. 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ಹೊರಟ ಆದೇಶ ಮೂರು ವರ್ಷದ ಪದವಿಯನ್ನು ಮರಳಿ ತಂದಿತು. ಮೂರು ವಿಷಯಗಳು, ಮೂರಕ್ಕೂ ಸಮಾನ ತೂಕ. ಆದರೆ 2021ರಿಂದ 2023ರವರೆಗೆ ಸೇರಿದವರು ಹಳೆಯ ಕ್ರಮದಲ್ಲೇ ಮುಂದುವರಿದರು. ಹೀಗಾಗಿ ಒಂದೇ ಮನೆಯಲ್ಲಿ 2022ರಲ್ಲಿ ಸೇರಿದ ಅಕ್ಕನದು ಒಂದು ಕ್ರಮ, 2024ರಲ್ಲಿ ಸೇರಿದ ತಮ್ಮನದು ಇನ್ನೊಂದು. ಅಕ್ಕನ ಅನುಭವವನ್ನು ತಮ್ಮನಿಗೆ ಹೇಳಿಕೊಡುವುದು ಹಳ್ಳಿಯ ಮನೆಗಳಲ್ಲಿ ಸಿಗುವ ಬಹುಮುಖ್ಯ ಮಾರ್ಗದರ್ಶನ. ಆ ಮಾರ್ಗದರ್ಶನ ಈ ವಿಷಯದಲ್ಲಿ ಕೆಲಸಕ್ಕೆ ಬಾರದ ಹಾಗಾಯಿತು.

ಗುಂಪು ಎಂದರೇನು, ಅದರ ನಿಯಮ ಹೇಗೆ ಬದಲಾಯಿತು ಎಂಬುದು ಇಲ್ಲಿಯವರೆಗೆ ಬಂತು. ಗುಂಪಿನಿಂದ ಮುಂದೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಸ್ನಾತಕೋತ್ತರ ಓದಿಗೆ ಹೋಗುವಾಗ ಮೊದಲು ಕೇಳುವ ಪ್ರಶ್ನೆ, ಆ ವಿಷಯವನ್ನು ಪದವಿಯಲ್ಲಿ ಓದಿದ್ದೀರಾ ಎಂಬುದು. ಎಂ.ಎಸ್ಸಿ.ಗಂತೂ ಇದರಲ್ಲಿ ರಿಯಾಯಿತಿ ತೀರಾ ಕಡಿಮೆ. ಬಿ.ಇಡಿ. ಸೇರುವಾಗ ಬೋಧನಾ ವಿಷಯಗಳು ಪದವಿಯ ಐಚ್ಛಿಕ ವಿಷಯಗಳಿಗೆ ಹೊಂದಬೇಕು. ಅದೂ ಶಾಲೆಯಲ್ಲಿ ಕಲಿಸುವ ವಿಷಯಗಳಾಗಿರಬೇಕು. ಪತ್ರಿಕೋದ್ಯಮ ಒಳ್ಳೆಯ ವಿಷಯ; ಆದರೆ ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಅದಿಲ್ಲ. 2022ರಲ್ಲಿ ಸರ್ಕಾರ 6ರಿಂದ 8ನೆಯ ತರಗತಿಗೆ ಸುಮಾರು 15,000 ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಸಿತು. ಹುದ್ದೆಗಳು ವಿಷಯವಾರು ಇದ್ದವು. ಗಣಿತ–ವಿಜ್ಞಾನ, ಜೀವವಿಜ್ಞಾನ, ಸಮಾಜ ವಿಜ್ಞಾನ, ಇಂಗ್ಲಿಷ್. ಅಭ್ಯರ್ಥಿ ಯಾವುದಕ್ಕೆ ಅರ್ಹರು ಎಂದು ನೋಡಿದ್ದು ಪದವಿಯಲ್ಲಿ ಓದಿದ ವಿಷಯಗಳ ಮೇಲೆ. ಹದಿನೆಂಟನೆಯ ವಯಸ್ಸಿನಲ್ಲಿ ಕೌಂಟರಿನ ಮುಂದೆ ನಿಂತು ಹೂಂ ಅಂದ ಗುಂಪು, ಇಪ್ಪತ್ತೈದನೆಯ ವಯಸ್ಸಿನಲ್ಲಿ ಅರ್ಜಿಯ ಕಾಲಂ ತುಂಬುವಾಗ ಎದುರಿಗೆ ಬರುತ್ತದೆ.

ಗುಂಪಿಗೆ ಇಷ್ಟು ತೂಕವಿದೆ. ಅದು ಹಂಚಿಕೆಯಾಗುವ ಬಗೆ ಹೇಗೆ? ಈಗ ಬಿ.ಎ., ಬಿ.ಎಸ್ಸಿ.ಯಂಥ ಪದವಿ ಕೊಡುವ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆ ಇದೆ. ವಿದ್ಯಾರ್ಥಿ ಅದರಲ್ಲಿ ನೋಂದಾಯಿಸಿಕೊಳ್ಳಬೇಕು. ಕಾಲೇಜು, ಕೋರ್ಸು, ವಿಷಯಗಳನ್ನು ಅಲ್ಲೇ ಗುರುತಿಸಬೇಕು. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಆಧಾರ್ ವಿವರ ಜೊತೆಯಲ್ಲಿ ಬೇಕು. ಕಾಫಿ ತೋಟದ ಲೈನ್ ಮನೆಯಿಂದ ಬರುವ ಹುಡುಗಿ ಇದನ್ನು ಮಾಡುವುದು ಪೇಟೆಯ ಸೈಬರ್ ಸೆಂಟರಿನಲ್ಲಿ. ಅಲ್ಲಿ ಕೀಲಿಮಣೆ ಇರುವುದು ಅಂಗಡಿಯವನ ಕೈಯಲ್ಲಿ. ಓಟಿಪಿ ಹೋಗುವುದು ಅಪ್ಪನ ಮೊಬೈಲಿಗೆ. ಅಪ್ಪ ತೋಟದಲ್ಲಿ, ನೆಟ್‌ವರ್ಕ್ ಇಲ್ಲದ ಇಳಿಜಾರಿನಲ್ಲಿ. ಹುಡುಗಿ ಕಾಯುತ್ತಾಳೆ, ಓಟಿಪಿಯ ಅವಧಿ ಮುಗಿಯುತ್ತದೆ, ಮತ್ತೊಮ್ಮೆ ಕಳಿಸಬೇಕಾಗುತ್ತದೆ. ಹಿಂದೆ ಸರತಿಯಲ್ಲಿ ಇನ್ನೂ ಹತ್ತು ಜನ. ವಿಷಯದ ಕಾಲಂ ಬಂದಾಗ, ಎಲ್ಲರೂ ಇದನ್ನೇ ಹಾಕ್ತಿದ್ದಾರೆ, ಇದನ್ನೇ ಹಾಕಲಾ ಎಂದು ಅಂಗಡಿಯವನು ಕೇಳುತ್ತಾನೆ. ಹೂಂ ಎನ್ನುತ್ತಾಳೆ. ಹಂಚಿಕೆಯ ಅರ್ಧ ಭಾಗ ಅಲ್ಲಿಗೆ ಆಯಿತು.

ಉಳಿದ ಅರ್ಧ ಕಾಲೇಜಿನಲ್ಲಿ. ಪ್ರವೇಶ ಸಮಿತಿಯ ಉಪನ್ಯಾಸಕರು ಅಂಕ ನೋಡುತ್ತಾರೆ, ಮೀಸಲಾತಿಯ ರೋಸ್ಟರ್ ನೋಡುತ್ತಾರೆ, ಯಾವ ಗುಂಪಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುತ್ತಾರೆ. ಅವರಿಗೂ ಒಂದು ಕಷ್ಟವಿದೆ. ಒಂದು ವಿಷಯಕ್ಕೆ ಸೇರುವವರು ತೀರಾ ಕಡಿಮೆಯಾದರೆ ಆ ವಿಷಯ ಉಳಿಯುವುದೇ ಕಷ್ಟ; ಅಧ್ಯಾಪಕರ ಕಾರ್ಯಭಾರ ಕುಸಿಯುತ್ತದೆ, ಅತಿಥಿ ಉಪನ್ಯಾಸಕರ ಕೆಲಸ ಹೋಗುತ್ತದೆ. ಆದ್ದರಿಂದ ಖಾಲಿ ಇರುವ ಗುಂಪಿನ ಕಡೆಗೆ ವಿದ್ಯಾರ್ಥಿಯನ್ನು ಸ್ವಲ್ಪ ಒತ್ತಾಯದಿಂದಲೇ ತಿರುಗಿಸುವುದುಂಟು. ಇದನ್ನು ಪೂರ್ತಿ ತಪ್ಪು ಎನ್ನಲಾಗದು. ಮಲೆನಾಡಿನ ಸಣ್ಣ ಕಾಲೇಜಿನಲ್ಲಿ ಭೌತಶಾಸ್ತ್ರವೋ ಐಚ್ಛಿಕ ಕನ್ನಡವೋ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಅಪರೂಪ. ಆದರೆ ಹಾಗೆ ತಿರುಗಿಸುವಾಗ, ಈ ಗುಂಪು ತೆಗೆದುಕೊಂಡರೆ ಮುಂದೆ ಯಾವ ದಾರಿ ಇದೆ, ಯಾವುದು ಇಲ್ಲ ಎಂಬ ಎರಡು ಮಾತನ್ನು ವಿದ್ಯಾರ್ಥಿಗೆ ಹೇಳಬೇಕಾದದ್ದು ನ್ಯಾಯ. ಆ ಎರಡು ಮಾತು ಎಲ್ಲ ಕಡೆ ಸಿಗುವುದಿಲ್ಲ.

ಐಚ್ಛಿಕ ವಿಷಯಗಳ ಮಾತಾಯಿತು. ಭಾಷೆಯ ಹಂಚಿಕೆ ಬೇರೆ. ಪದವಿಯಲ್ಲಿ ಎರಡು ಭಾಷೆ ಓದಬೇಕು. ಒಂದು ಸಾಮಾನ್ಯವಾಗಿ ಇಂಗ್ಲಿಷ್. ಇನ್ನೊಂದು ಕನ್ನಡ, ಹಿಂದಿ, ಸಂಸ್ಕೃತ ಮುಂತಾದವುಗಳಲ್ಲಿ ಕಾಲೇಜಿನಲ್ಲಿ ಇರುವುದು. ಕಾಫಿ ಸೀಮೆಯಲ್ಲಿ ಮನೆಮಾತು ಹಲವು: ಕನ್ನಡ, ತುಳು, ಕೊಂಕಣಿ, ಬ್ಯಾರಿ, ತೋಟದ ಕಾರ್ಮಿಕರಲ್ಲಿ ತಮಿಳು. ಶಾಲೆ ಮಾತ್ರ ಬಹುಪಾಲು ಕನ್ನಡ ಮಾಧ್ಯಮ. ಇವರಿಗೆ ಭಾಷಾ ಪತ್ರಿಕೆ ಕಷ್ಟವಾಗದು. ಕಷ್ಟ ಇರುವುದು ಮಾಧ್ಯಮದಲ್ಲಿ. ಬಿ.ಎ.ಯನ್ನು ಕನ್ನಡದಲ್ಲಿ ಓದಿ ಬರೆಯಬಹುದು. ಬಿ.ಎಸ್ಸಿ. ಪಾಠ ಇಂಗ್ಲಿಷಿನಲ್ಲಿ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತು, ಪಿಯುಸಿಯಲ್ಲಿ ವಿಜ್ಞಾನದ ಇಂಗ್ಲಿಷಿಗೆ ಒಗ್ಗದೆ ಹೋದವರು ಪದವಿಯಲ್ಲಿ ಗುಂಪನ್ನೇ ಬದಲಿಸಿ ಬಿ.ಎ.ಗೆ ಬರುವುದು ಇಲ್ಲಿ ಸಾಮಾನ್ಯ. ಅಭಿರುಚಿ ಬದಲಾಯಿತೆಂದು ಬರುವವರು ಕಡಿಮೆ, ಮಾಧ್ಯಮಕ್ಕೆ ಅಂಜಿ ಬರುವವರು ಹೆಚ್ಚು.

ಪದವಿ ಕಾಲೇಜಿನ ಕಥೆ ಇಷ್ಟಾಯಿತು. ವೃತ್ತಿಪರ ಕೋರ್ಸುಗಳಲ್ಲಿ ಹಂಚಿಕೆ ಇನ್ನೊಂದು ಬಗೆ. ಅಲ್ಲಿ ಗುಂಪು ಆರಿಸುವ ಪ್ರಶ್ನೆ ಇಲ್ಲ. ಪ್ರಶ್ನೆ ಇರುವುದು ವಿದ್ಯಾರ್ಥಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದರಲ್ಲಿ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ 1980ರಲ್ಲಿ ಆರಂಭವಾಯಿತು. ಈಗ ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು ವ್ಯಾಪ್ತಿಯಲ್ಲಿದೆ. ವಿಟಿಯು ಕಾಲೇಜಿಗೆ ಸೇರಿದ ಹೊಸಬರನ್ನು ಎರಡು ಭಾಗ ಮಾಡುವುದು ವಾಡಿಕೆ. ಒಂದು ಭಾಗ ಮೊದಲ ಸೆಮಿಸ್ಟರಿನಲ್ಲಿ ಫಿಸಿಕ್ಸ್ ಸೈಕಲ್, ಇನ್ನೊಂದು ಕೆಮಿಸ್ಟ್ರಿ ಸೈಕಲ್. ಎರಡನೆಯ ಸೆಮಿಸ್ಟರಿನಲ್ಲಿ ಅದಲುಬದಲು. ಪ್ರಯೋಗಾಲಯ ಎಲ್ಲರಿಗೂ ಒಟ್ಟಿಗೆ ಸಾಲದು, ಕಾರಣ ಅಷ್ಟೇ. ಇದರಲ್ಲಿ ಮೇಲು ಕೀಳು ಇಲ್ಲ. ಆದರೂ ಪ್ರತಿವರ್ಷ ಯಾವ ಸೈಕಲ್ ಸುಲಭ ಎಂಬ ಚರ್ಚೆ ತಪ್ಪದು.

ಅದೇ ವಿಶ್ವವಿದ್ಯಾಲಯದಲ್ಲಿ ಕನ್ನಡವೂ ಎರಡು ಬಗೆ. ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ. ಬಾರದವರಿಗೆ ಬಳಕೆ ಕನ್ನಡ. ಇದಕ್ಕೆ ಮೊದಲಿನ 2018ರ ಪಠ್ಯಕ್ರಮದಲ್ಲಿ ಇವುಗಳ ಹೆಸರು ಆಡಳಿತ ಕನ್ನಡ, ವ್ಯಾವಹಾರಿಕ ಕನ್ನಡ ಎಂದಿತ್ತು. ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರುವವರಿಗೆ ಮೊದಲ ವರ್ಷದ ಗಣಿತ ತಪ್ಪಿಹೋಗಿರುತ್ತದೆ. ಅವರಿಗೆ ಹೆಚ್ಚುವರಿ ಗಣಿತ ಎಂಬ ಪತ್ರಿಕೆ ಇಟ್ಟದ್ದು ಆ ಕೊರತೆ ತುಂಬಲು. ವಿದ್ಯಾರ್ಥಿಯ ಹಿಂದಿನ ಓದನ್ನು ನೋಡಿ ಮುಂದಿನ ಪಾಠ ಗೊತ್ತು ಮಾಡುವ ಪದ್ಧತಿಗೆ ಇವೆಲ್ಲ ಸರಿಯಾದ ಉದಾಹರಣೆ.

ಎಂಜಿನಿಯರಿಂಗ್ ಬಿಟ್ಟರೆ ಈ ಗುಡ್ಡಗಳಿಗೆ ಹೆಚ್ಚು ಹತ್ತಿರದ್ದು ತೋಟಗಾರಿಕೆ. ಮೂಡಿಗೆರೆಯಲ್ಲೇ ತೋಟಗಾರಿಕೆ ಮಹಾವಿದ್ಯಾಲಯ ಇದೆ. ಅದು ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಶಿವಮೊಗ್ಗದ ಈ ವಿಶ್ವವಿದ್ಯಾಲಯ 2012ರಲ್ಲಿ ಸ್ಥಾಪನೆಯಾಯಿತು. ಇಲ್ಲಿಗೆ ಸೀಟು ಸಿಗುವುದು ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗಿಡ, ಗೊಬ್ಬರ, ಉಪಕರಣಗಳನ್ನು ಎದುರಿಗಿಟ್ಟು ಗುರುತಿಸಲು ಹೇಳುತ್ತಾರೆ. ಕಾಫಿ, ಮೆಣಸು, ಏಲಕ್ಕಿಯ ನಡುವೆ ಬೆಳೆದವರಿಗೂ ರಾಗಿಯ ಪಕ್ಕದಲ್ಲಿಟ್ಟ ನವಣೆ, ಸಾಮೆಯ ಕಾಳು ಹೊಸದಾಗಿ ಕಾಣಬಹುದು. ಬಯಲುಸೀಮೆಯ ಬೆಳೆಗಳನ್ನೂ ಒಮ್ಮೆ ನೋಡಿಕೊಂಡು ಹೋಗುವುದು ಒಳ್ಳೆಯದು.

ಸೀಟು ಸಿಕ್ಕ ಮೇಲೆ ಮತ್ತೊಂದು ಹಂಚಿಕೆ. ಕೃಷಿ ಸಂಬಂಧದ ಪದವಿಗಳ ಪಠ್ಯಕ್ರಮವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನೇಮಿಸಿದ ಡೀನ್‌ಗಳ ಸಮಿತಿ ರೂಪಿಸುತ್ತದೆ. ಐದನೆಯ ಸಮಿತಿಯ ಕೃಷಿ ಪದವಿ ಪಠ್ಯದಲ್ಲಿ ಎರಡು ಪೂರಕ ಪತ್ರಿಕೆಗಳಿದ್ದವು. ಪಿಯುಸಿಯಲ್ಲಿ ಜೀವವಿಜ್ಞಾನ ಓದದವರಿಗೆ ಪ್ರಾಥಮಿಕ ಜೀವವಿಜ್ಞಾನ. ಗಣಿತ ಓದದವರಿಗೆ ಪ್ರಾಥಮಿಕ ಗಣಿತ. ಆರನೆಯ ಸಮಿತಿಯ ಹೊಸ ಪಠ್ಯಕ್ರಮದಲ್ಲಿ ಮೊದಲ ಸೆಮಿಸ್ಟರ್ ಆರಂಭವಾಗುವುದೇ ದೀಕ್ಷಾರಂಭ ಎಂಬ ಎರಡು ವಾರದ ಪರಿಚಯ ಕಾರ್ಯಕ್ರಮದಿಂದ.

ತೋಟಗಾರಿಕೆ, ಎಂಜಿನಿಯರಿಂಗ್ ಎರಡಕ್ಕೂ ಸಿಇಟಿಯೇ ಮುಖ್ಯ ಬಾಗಿಲು. ಆದ್ದರಿಂದ ಅದರ ಆಪ್ಷನ್ ಎಂಟ್ರಿಯ ಬಗ್ಗೆ ಕೇಳುಗರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತದೆ. ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಟ್ಟುಬಿಡುತ್ತದೆ. ಅದಕ್ಕಿಂತ ಕೆಳಗೆ ಬರೆದದ್ದನ್ನು ಮತ್ತೆ ನೋಡುವುದಿಲ್ಲ. ಮನೆಗೆ ಹತ್ತಿರವೆಂದು ಮೂಡಿಗೆರೆಯೇ ಬೇಕೆನ್ನುವವರು ಅದನ್ನು ಹತ್ತನೆಯ ಸಾಲಿನಲ್ಲಿ ಬರೆದು, ಮೇಲಿನ ಸಾಲಿನಲ್ಲಿ ದೂರದ ಕಾಲೇಜು ಬರೆದರೆ ಆಮೇಲೆ ದೂರಿ ಪ್ರಯೋಜನವಿಲ್ಲ. ಅಣಕು ಹಂಚಿಕೆ ಎಂದು ಒಂದು ಮಾಡುತ್ತಾರೆ. ಅದು ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇದೆ. ನಿಜವಾದ ಹಂಚಿಕೆಯ ನಂತರ ನಾಲ್ಕು ದಾರಿ. ಒಪ್ಪಿ ಸೇರುವುದು ಮೊದಲನೆಯದು. ಒಪ್ಪಿ, ಇನ್ನೂ ಉತ್ತಮವಾದದ್ದಕ್ಕೆ ಕಾಯುವುದು ಎರಡನೆಯದು. ಬಿಟ್ಟು ಮುಂದಿನ ಸುತ್ತಿಗೆ ನಿಲ್ಲುವುದು ಮೂರನೆಯದು. ಪೂರ್ತಿ ಹೊರಬರುವುದು ನಾಲ್ಕನೆಯದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೈಯಲ್ಲಿದ್ದ ಸೀಟು ಕಳೆದುಕೊಂಡವರಿದ್ದಾರೆ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯೂ ಇಲ್ಲಿಯೇ ಬರುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣದ ಲೆಕ್ಕಕ್ಕೆ ಬರುವುದಿಲ್ಲ. ಹಳ್ಳಿಯಿಂದ ಬಸ್ಸು ಹತ್ತಿ ಮೂಡಿಗೆರೆ ಪೇಟೆಯ ಶಾಲೆಗೆ ಹೋದ ಮಗುವಿಗೆ ಗ್ರಾಮೀಣ ಮೀಸಲಾತಿ ಸಿಗದು, ಮನೆ ಎಷ್ಟೇ ಒಳಗಿದ್ದರೂ. ನಿಯಮ ಇರುವುದು ಶಾಲೆಯ ಮೇಲೆ. ಮೀಸಲಾತಿಯನ್ನು ಕೇಳಬೇಕಾದದ್ದು ಅರ್ಜಿ ತುಂಬುವಾಗಲೇ.

ಹಂಚಿಕೆಯ ಬಗೆಗಳು ಇಲ್ಲಿಗೆ ಮುಗಿದವು. ಹೊಸಬರಿಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮದ ವಿಷಯ ಉಳಿದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2019ರಲ್ಲಿ ಇದಕ್ಕೆ ದೀಕ್ಷಾರಂಭ ಎಂಬ ಮಾರ್ಗದರ್ಶಿ ಹೊರತಂದಿತು. ಎಂಜಿನಿಯರಿಂಗ್ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, ಮೂರು ವಾರದ ಕಾರ್ಯಕ್ರಮ ಹೇಳಿದೆ. ಒಳ್ಳೆಯ ಯೋಜನೆಗಳೇ. ಆದರೆ ಎಲ್ಲವೂ ಪ್ರವೇಶದ ನಂತರದವು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಕ್ರಮ ತಿರುಗಾಮುರುಗಾ. ಮೊದಲು ಗಣಿತದ ಮಟ್ಟ ಅಳೆಯುವ ಪರೀಕ್ಷೆ, ನಂತರ ಸಲಹೆಗಾರರೊಡನೆ ಮಾತು, ಆಮೇಲೆ ವಿಷಯಗಳ ನೋಂದಣಿ. ಅಲ್ಲೂ ತೊಡಕಿತ್ತು. ಪರೀಕ್ಷೆಯಲ್ಲಿ ಹಿಂದೆ ಬಿದ್ದವರನ್ನು ಕಳಿಸಿದ ಪೂರಕ ತರಗತಿಯಲ್ಲೇ ಬಹಳ ಜನ ಸಿಕ್ಕಿಕೊಂಡರು. ಮುಖ್ಯ ಕೋರ್ಸಿನವರೆಗೆ ಬರಲೇ ಇಲ್ಲ. ಅದಕ್ಕಾಗಿ ಕ್ಯಾಲಿಫೋರ್ನಿಯಾ ರಾಜ್ಯ 2017ರಲ್ಲಿ ತನ್ನ ಸಮುದಾಯ ಕಾಲೇಜುಗಳಿಗೆ ಒಂದು ಕಾನೂನು ಮಾಡಿ, ಒಂದು ಪರೀಕ್ಷೆಯನ್ನೇ ನಂಬದೆ ಹೈಸ್ಕೂಲಿನ ಅಂಕ, ಓದಿದ ವಿಷಯಗಳನ್ನು ನೋಡಬೇಕು ಎಂದಿತು. ಈ ಸೀಮೆಗೆ ಪರೀಕ್ಷೆಯನ್ನು ತರಬೇಕಾಗಿಲ್ಲ. ಪರೀಕ್ಷೆಗಳು ಇಲ್ಲಿ ಆಗಲೇ ಸಾಕಷ್ಟಿವೆ. ತರಬಹುದಾದದ್ದು ನೋಂದಣಿಗೆ ಮೊದಲಿನ ಮಾತು. ಅದಕ್ಕೆ ಪಿಯು ಕಾಲೇಜೇ ಸರಿಯಾದ ಜಾಗ, ಮಾರ್ಚ್ ಪರೀಕ್ಷೆಗೆ ಮುಂಚಿನ ತಿಂಗಳೇ ಸರಿಯಾದ ಹೊತ್ತು. ಮಳೆ ಹಿಡಿದ ಮೇಲೆ ಕಳಸದಿಂದ ಒಂದು ಸಲಹೆಗಾಗಿ ಚಿಕ್ಕಮಗಳೂರಿಗೆ ಹೋಗಿ ಬರುವುದು ಒಂದು ದಿನದ ಕೆಲಸ. ಘಟ್ಟ ಇಳಿಯುವವರಿಗೂ ಮಳೆಯಲ್ಲಿ ದಾರಿ ಖಚಿತವಲ್ಲ; 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ರಸ್ತೆಯೇ ಬಂದ್ ಆಗಿತ್ತು.

ಕೊನೆಯದಾಗಿ, ಹಂಚಿಕೆ ತಪ್ಪಿದ್ದರೆ ಏನು ಮಾಡಬೇಕು ಎಂಬುದು. ತರಗತಿ ಆರಂಭವಾದ ಮೇಲೂ ಗುಂಪು ಬದಲಿಸಲು ಕೆಲವು ದಿನಗಳ ಅವಕಾಶ ಇರುತ್ತದೆ. ದಿನಾಂಕವನ್ನು ಆಯಾ ವರ್ಷ ವಿಶ್ವವಿದ್ಯಾಲಯ ಪ್ರಕಟಿಸುತ್ತದೆ. ಬೇಕಾದ ಗುಂಪಿನಲ್ಲಿ ಜಾಗ ಇರಬೇಕು. ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಬೇಕು. ಬಾಯಿಮಾತಿನಲ್ಲಿ ಆಯಿತು ಎಂದರೆ ಸಾಲದು. ಯುಯುಸಿಎಂಎಸ್‌ನಲ್ಲಿಯೂ ಬದಲಾವಣೆ ದಾಖಲಾಗಬೇಕು, ಏಕೆಂದರೆ ಪರೀಕ್ಷೆಯ ಪ್ರವೇಶ ಪತ್ರ ಬರುವುದು ಅಲ್ಲಿಂದ. ಒಂದು ತರಗತಿಯಲ್ಲಿ ಕೂತು, ದಾಖಲೆಯಲ್ಲಿ ಇನ್ನೊಂದು ವಿಷಯ ಇದ್ದರೆ ಅದು ಗೊತ್ತಾಗುವುದು ಪ್ರವೇಶ ಪತ್ರ ಕೈಗೆ ಬಂದಾಗ. ಆದ್ದರಿಂದ ಅರ್ಜಿಯ ಮುದ್ರಿತ ಪ್ರತಿಯನ್ನು ಕಾಲೇಜಿನ ವೇಳಾಪಟ್ಟಿಯ ಜೊತೆ ಮೊದಲ ವಾರದಲ್ಲೇ ಹೋಲಿಸಿ ನೋಡಬೇಕು. ವಿಷಯಗಳ ಹೆಸರು, ಭಾಷೆ, ಸೆಕ್ಷನ್ ಮೂರೂ ಹೊಂದಿದರೆ ಪ್ರತಿಯನ್ನು ಕಡತದಲ್ಲಿ ಇಡಬಹುದು. ಹೊಂದದಿದ್ದರೆ ಅದೇ ದಿನ ಕಚೇರಿಗೆ ಹೋಗಬೇಕು.